ಮಲಪ್ರಭೆಗೆ ಇನ್ನು ಗಟಾರ ಬಿಡುವುದಿಲ್ಲ! ಮನೆಗೊಬ್ಬರು ಗ್ರಾಮಸಭೆಗೆ ಬನ್ನಿ!

ಮಲಪ್ರಭಾ ದಂಡೆಯ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ,

ನಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಗಟಾರಕ್ಕೆ. ಗಟಾರ ಎಲ್ಲಿಗೆ? ಹಳ್ಳಕ್ಕೆ. ಹಳ್ಳ ಎಲ್ಲಿಗೆ? ಹೊಳೆಗೆ! ಅದೇ ಹೊಳೆಯಲ್ಲಿ ನಾವು ಬಟ್ಟೆ ಒಗೆಯುತ್ತೇವೆ, ಎತ್ತಿನ ಮೈ ತೊಳೆಯುತ್ತೇವೆ, ಅಮಾವಾಸ್ಯೆಗೆ ಮುಳುಗು ಹಾಕುತ್ತೇವೆ!

ಪೆಟ್ಟು ಬೀಳುವುದು ಯಾರಿಗೆ? ಮೊಣಕಾಲುದ್ದ ನೀರಲ್ಲಿ ನಿಂತು ಸೀರೆ ಒಗೆಯುವ ತಾಯಿಗೆ. ಶಾಲೆ ಬಿಟ್ಟ ಕೂಡಲೇ ಹೊಳೆಗೆ ಜಿಗಿಯುವ ಮಗುವಿಗೆ. ಬಲೆ ಬೀಸುವ ಅಂಬಿಗನಿಗೆ. ಬಾಯಿಲ್ಲದ ದನಕ್ಕೆ. ಮೈತುಂಬ ತುರಿಕೆ! ವಾಂತಿ-ಭೇದಿ! ಒಂದು ವಾರ ಮಲಗಿದರೆ ಕೂಲಿಯೂ ಇಲ್ಲ, ದವಾಖಾನೆ ಖರ್ಚಿಗೆ ಸಾಲ ಬೇರೆ!

ಬೇಸಿಗೆಯಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಡದಿದ್ದರೆ ಹೊಳೆ ಹರಿಯುವುದೇ ನಿಲ್ಲುತ್ತದೆ. ಆಗ ಮಡುವಿಗೆ ಸೇರುವುದು ನಮ್ಮ ಗಟಾರವೇ! ಮಳೆಗಾಲದ್ದು ಇನ್ನೊಂದು ಗೋಳು. 2019ರ ಆಗಸ್ಟ್ ನೆನಪಿದೆಯಲ್ಲ? ಪಟ್ಟದಕಲ್ಲಿನ ಗುಡಿಗಳಿಗೇ ಹೊಳೆ ನುಗ್ಗಿತ್ತು. ಹೊಳೆ ಉಕ್ಕಿದರೆ ಗಟಾರವೂ ಅಡುಗೆಮನೆಗೆ ಬರುತ್ತದೆ!

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲೇ ಕರ್ನಾಟಕದ 17 ಮಲಿನ ನದಿಗಳ ಪಟ್ಟಿಗೆ ಮಲಪ್ರಭೆಯನ್ನು ಸೇರಿಸಿತು. ಖಾನಾಪುರದಿಂದ ರಾಮದುರ್ಗದವರೆಗೆ ಹೊಳೆ ಕೆಟ್ಟಿದೆ ಎಂದಿತು. ರಾಮದುರ್ಗ ದಾಟಿದರೆ ನಮ್ಮ ಬಾದಾಮಿ ಸೀಮೆ! ಮೇಲಿನವರ ಹೊಲಸು ನಮಗೆ, ನಮ್ಮದು ಹುನಗುಂದದವರಿಗೆ, ಎಲ್ಲರದೂ ಸೇರಿ ಕೂಡಲಸಂಗಮಕ್ಕೆ! ಅಣ್ಣ ಬಸವಣ್ಣ ಐಕ್ಯನಾದ ನೆಲಕ್ಕೆ ನಾವು ಕಳಿಸುವುದು ಇದನ್ನೇ?

ದಾರಿ ಇದೆ! ಕೋಟಿ ರೂಪಾಯಿಯ ಯಂತ್ರ ಬೇಕಿಲ್ಲ. ಹಿತ್ತಲಿದ್ದವರು ಪಂಚಾಯ್ತಿಯಲ್ಲಿ ಬಚ್ಚಲುಗುಂಡಿ ಕೇಳಿರಿ. ಆದರೆ ಬಾವಿ, ಬೋರಿನ ಮಗ್ಗುಲಿಗೆ ತೋಡಬೇಡಿ. ಎರೆ ಮಣ್ಣಲ್ಲಿ ನೀರು ಬೇಗ ಇಂಗುವುದಿಲ್ಲ. ಅಂಥ ಕಡೆ ಗಟಾರದ ಕೊನೆಗೆ, ನೆರೆ ಮುಟ್ಟದ ಜಾಗದಲ್ಲಿ, ಊರಿಗೆಲ್ಲ ಒಂದು ವ್ಯವಸ್ಥೆ ಬೇಕು. ಮೊದಲು ಕಸ ತಡೆಯುವ ಜಾಲರಿ. ಆಮೇಲೆ ರಾಡಿ ಕೆಳಗಿಳಿಯುವ ತೊಟ್ಟಿ. ಕೊನೆಗೆ ಜಲ್ಲಿ-ಮರಳು ಹಾಸಿ ಆಪು ಹುಲ್ಲು ಬೆಳೆಸಿದ ಮಡಿ. ಅದರ ಬೇರು, ಜಲ್ಲಿಗೆ ಅಂಟಿದ ಸೂಕ್ಷ್ಮಜೀವಿಗಳು ಹೊಲಸನ್ನು ತಿನ್ನುತ್ತವೆ. ಹೊರಬಂದ ನೀರು ಗಿಡಮರಕ್ಕೆ!

ದುಡ್ಡಿಲ್ಲ ಎಂದರೆ ನಂಬಬೇಡಿ! 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಪಂಚಾಯ್ತಿಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ನೂರಕ್ಕೆ 60 ರೂಪಾಯಿ ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಸ್ವಚ್ಛ ಭಾರತದ ಎರಡನೇ ಹಂತದಲ್ಲೂ ಬಚ್ಚಲ ನೀರಿನ ಕೆಲಸವಿತ್ತು. ಲೆಕ್ಕ ಕೇಳೋಣ!

ನಮ್ಮ ಬೇಡಿಕೆ:

1. ಶುದ್ಧವಾಗದ ಒಂದು ಗಟಾರವೂ ಹೊಳೆ ಮುಟ್ಟಬಾರದು.
2. ಶೌಚಾಲಯದ ಪೈಪು ಗಟಾರಕ್ಕೆ ಸೇರಬಾರದು. ಜೋಡಿಗುಂಡಿ ಕಟ್ಟಿಸಿಕೊಡಿ.
3. ಶೌಚಗುಂಡಿಗೆ ಯಾರನ್ನೂ ಇಳಿಸಬಾರದು. ಕೈಯಿಂದ ಮಲ ಬಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ.
4. ಕಟ್ಟಿದ ಮೇಲೆ ಹೂಳು ತೆಗೆಯಲು ಪ್ರತಿವರ್ಷ ಹಣ ತೆಗೆದಿಡಬೇಕು.

ಬರುವ ಗ್ರಾಮಸಭೆಗೆ ಮನೆಗೊಬ್ಬರು ಬನ್ನಿ! ಅಕ್ಕಂದಿರೇ, ನೀವು ಮುಂದೆ ಕೂಡ್ರಿ. ಹೊಳೆಯಲ್ಲಿ ನಿಲ್ಲುವವರು ನೀವು, ಮೊದಲ ಮಾತೂ ನಿಮ್ಮದೇ! ಬಾಯಿಮಾತಿಗೆ ಎದ್ದು ಬರಬೇಡಿ. ಠರಾವು ಬರೆಸಿ. ಓದಿಸಿ ಕೇಳಿ. ಆಮೇಲೆ ಸಹಿ ಹಾಕಿ! ಕ್ರಿಯಾಯೋಜನೆಯಲ್ಲಿ ಕೆಲಸ ಬರುವವರೆಗೆ ಪಂಚಾಯ್ತಿ ಬಾಗಿಲು ಬಿಡುವುದು ಬೇಡ!

ಹೊಳೆ ನಮ್ಮದು! ಹಣ ನಮ್ಮದು! ಕೇಳುವ ಹಕ್ಕೂ ನಮ್ಮದು!

— ಮಲಪ್ರಭಾ ದಂಡೆಯ ಹಳ್ಳಿಗರು