ಗುಡುಗುಡಿಯ ಹೊಗೆಯೂ ಗಿಟಾರಿನ ತಂತಿಯೂ

ತುಮಕೂರಿನ ಒಂದು ಮನೆಯ ಜಗಲಿಯಲ್ಲಿ ಭಾನುವಾರ ಸಂಜೆ ಮೂವರು ಮಿತ್ರರು ಕಲೆಯುವುದು ಬಹುಕಾಲದ ವಾಡಿಕೆ. ಮನೆಯ ಯಜಮಾನರು ವಕೀಲರು. ಇನ್ನೊಬ್ಬರು ಗುಬ್ಬಿಯ ಕಡೆಯ ಅಡಕೆ ತೋಟದವರು. ಮೂರನೆಯವರು ಕುಣಿಗಲ್ಲಿನವರು, ರೆವಿನ್ಯೂ ಇಲಾಖೆಯಿಂದ ನಿವೃತ್ತರಾದವರು. ಕಾಫಿ, ಕೋಡುಬಳೆ, ಊರ ವರ್ತಮಾನ ಇಷ್ಟರಿಂದಲೇ ತೃಪ್ತಿಹೊಂದಿ ಎಂಟು ಗಂಟೆಗೆ ಮುಗಿಯುತ್ತಿದ್ದ ಈ ಗೋಷ್ಠಿಯಲ್ಲಿ ಈಚೆಗೆ ಒಂದು ಕಲಹವೆದ್ದಿತು. ಅದಕ್ಕೆ ನಿಮಿತ್ತನಾದವನು ವಕೀಲರ ಸೋದರಳಿಯ.

ಈ ಹುಡುಗನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕಸುಬಿನವನು. ರಘು ದೀಕ್ಷಿತರ ಮೊದಲನೆಯ ಆಲ್ಬಮ್, 2008ರಲ್ಲಿ ಹೊರಬಂದದ್ದು, ಅವನಿಗೆ ಕಂಠಪಾಠ. ಅದರಲ್ಲಿ ಶಿಶುನಾಳ ಶರೀಫರ ಗುಡುಗುಡಿಯ ಪದವೂ ಸೇರಿದೆ. ಬಡಾವಣೆಯ ರಾಜ್ಯೋತ್ಸವದಲ್ಲಿ ಅದನ್ನು ಗಿಟಾರಿನೊಡನೆ ಹಾಡಬೇಕೆಂದು ಅವನ ಅಪೇಕ್ಷೆ. ಕಾರ್ಯಕ್ರಮಕ್ಕೆ ಅನುಮತಿ ಕೊಡತಕ್ಕವರು ಸೋದರಮಾವನವರೇ. ಮೊದಲು ಕೇಳಲಿ, ಆಮೇಲೆ ತೀರ್ಪು ಹೇಳಲಿ ಎಂದು ಅವನು ತನ್ನ ಫೋನನ್ನು ಒಂದು ಪುಟ್ಟ ಧ್ವನಿಪೆಟ್ಟಿಗೆಗೆ ಜೋಡಿಸಿ ಹಾಡನ್ನು ಹಾಕಿದನು.

ವಕೀಲರು ಪದ ಅರ್ಧಕ್ಕೆ ಬರುವಷ್ಟರಲ್ಲಿಯೇ ಎದ್ದುಬಿಟ್ಟರು. “ಇದು ತತ್ತ್ವಪದವೇನಯ್ಯ? ತತ್ತ್ವಪದದ ತಿಥಿ” ಎಂಬುದು ಅವರ ಉದ್ಗಾರ. ಗುಬ್ಬಿಯವರು ಕಣ್ಣು ಮುಚ್ಚಿಕೊಂಡು ಕೇಳಿ, “ಕಂಠ ಭರ್ಜರಿಯಾಗಿದೆ ಸ್ವಾಮಿ, ಆದರೆ ಈ ಡೋಲಿನ ಗದ್ದಲ ಸ್ವಲ್ಪ ತಗ್ಗಬೇಕಿತ್ತು” ಎಂದರು. ಕುಣಿಗಲ್ಲಿನವರು ಏನೂ ಹೇಳಲಿಲ್ಲ. ಇನ್ನೊಂದು ಸಲ ಹಾಕೆಂದು ಮಾತ್ರ ಕೇಳಿದರು. ಮೂವರಲ್ಲಿ ವಿವೇಕದ ಮಾತು ಅದೊಂದೇ. ನ್ಯಾಯಾಲಯದಲ್ಲಿ ಪ್ರತಿವಾದಿಯ ಅಹವಾಲು ಕೇಳದೆ ಏಕಪಕ್ಷೀಯ ಡಿಕ್ರಿಯಾದರೆ ಅಪೀಲಿಗೆ ಓಡುವ ವಕೀಲರು ತಮ್ಮ ಜಗಲಿಯಲ್ಲಿ ತಾವೇ ಅಂಥ ಡಿಕ್ರಿಯನ್ನು ಕೊಟ್ಟುಬಿಟ್ಟರಲ್ಲ!

ವಕೀಲರ ಪಕ್ಷವು ಅವರೊಬ್ಬರದೇ ಆಗಿದ್ದರೆ ಅದನ್ನು ಇಷ್ಟು ದೂರ ಎಳೆಯಬೇಕಾಗಿರಲಿಲ್ಲ. ವಿದ್ಯಾವಂತರ ಮನೆಮನೆಯಲ್ಲಿಯೂ ಕೇಳಿಬರುವ ಪಕ್ಷವಾದುದರಿಂದ ಪರಿಶೀಲಿಸತಕ್ಕದ್ದೇ. ಶರೀಫರ ಪದಕ್ಕೆ ಪರಂಪರೆಯಿಂದ ಬಂದ ಒಂದು ಧಾಟಿ ಉಂಟು; ಅದನ್ನು ಕೆಡಿಸಿದ್ದು ಮೊದಲನೆಯ ಅಪರಾಧ. ಗಿಟಾರು ಮುಂತಾದುವು ಪರದೇಶದ ವಾದ್ಯಗಳು. ಅವುಗಳ ಸಂಸರ್ಗದಿಂದ ಪದ ಮೈಲಿಗೆಯಾಯಿತೆಂಬುದು ಎರಡನೆಯದು. ಇದೇ ಪೂರ್ವಪಕ್ಷ.

ಆ ‘ಪರಂಪರೆಯ ಧಾಟಿ’ ಯಾವುದು? ಹುಡುಗನು ಇದನ್ನೇ ಕೇಳಿದನು: “ಮಾವ, ನೀವು ಶರೀಫರ ಪದ ಮೊದಲು ಕೇಳಿದ್ದು ಯಾರ ಬಾಯಲ್ಲಿ?” ವಕೀಲರ ಉತ್ತರ: “ಇನ್ನಾರ ಬಾಯಲ್ಲಿ? ಅಶ್ವತ್ಥರ ಕ್ಯಾಸೆಟ್ಟಿನಲ್ಲಿ.” ಅಲ್ಲಿಗೆ ಪರಂಪರೆಯ ಬುಡ ತಿಳಿದಂತಾಯಿತು. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಸಿ. ಅಶ್ವತ್ಥರು ಹುಟ್ಟಿದ್ದು 1939ರಲ್ಲಿ, ಅಂದರೆ ಐವತ್ತು ವರ್ಷಗಳ ಮೇಲೆ. ಅವರು ಆ ಪದಗಳಿಗೆ ಕೊಟ್ಟದ್ದು ತಬಲ, ಕೊಳಲು, ಕೀಬೋರ್ಡು, ಹಿಮ್ಮೇಳದ ಗುಂಪು ಇವೆಲ್ಲವೂ ಕೂಡಿದ, ತಮ್ಮದೇ ಪ್ರತಿಭೆಯ ಹೊಸ ರೂಪ. ಅದು ಅಮೋಘವಾದ ರೂಪವೆಂಬುದರಲ್ಲಿ ಸಂಶಯವಿಲ್ಲ; ‘ಸೋರುತಿಹುದು ಮನೆಯ ಮಾಳಿಗಿ’ ಎಂಬ ಪದವನ್ನು ಅವರ ಕಂಠದಲ್ಲಿ ಕೇಳಿದವರು ಮರೆಯಲಾರರು. ಆದರೆ ಅದು ಶರೀಫರ ಧಾಟಿಯೆಂದು ಯಾರು ಹೇಳಬಲ್ಲರು? ಉತ್ತರ ಸೀಮೆಯ ಭಜನೆಯವರು ಏಕತಾರಿ, ತಾಳ, ದಮ್ಮಡಿಗಳೊಡನೆ ಹಾಡಿಕೊಂಡು ಬಂದದ್ದು ಬೇರೆ, ಅದರಲ್ಲಿಯೂ ಊರಿಗೊಂದು ಬಗೆ. ಶರೀಫರು ಸ್ವರಪ್ರಸ್ತಾರ ಬರೆದಿಟ್ಟು ಹೋಗಲಿಲ್ಲ.

ನಿಸಾರ್ ಅಹಮದರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರು ರಾಗಕ್ಕೆ ಅಳವಡಿಸಿದ ‘ನಿತ್ಯೋತ್ಸವ’ ಕ್ಯಾಸೆಟ್ಟು ಬಂದದ್ದು 1978ರಲ್ಲಿ. ಕವಿತೆಯನ್ನು ವಾದ್ಯಮೇಳದೊಡನೆ ಹಾಡಿ ಅಂಗಡಿಯಲ್ಲಿ ಮಾರಬಹುದೆಂಬುದೇ ಆಗ ಹೊಸ ಸಂಗತಿ. ಇಂದು ಅದನ್ನೇ ಹಳೆಯ ಕಾಲದ ಶುದ್ಧಿಗೆ ಸಾಕ್ಷಿಯಾಗಿ ಕರೆಯುತ್ತಾರೆ. ಮನುಷ್ಯನು ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ಕೇಳಿದ್ದನ್ನು ಅನಾದಿಯೆಂದೂ ಅರುವತ್ತರಲ್ಲಿ ಕೇಳಿದ್ದನ್ನು ಅಪಚಾರವೆಂದೂ ಭಾವಿಸುವುದು ಸಹಜವಿರಬಹುದು, ಪ್ರಮಾಣವಂತೂ ಆಗಲಾರದು.

ವಾದ್ಯದ ಮೈಲಿಗೆಯ ಮಾತು ಇನ್ನೂ ದುರ್ಬಲ. ಪಿಟೀಲು ಯೂರೋಪಿನದು, ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ಣಾಟಕ ಸಂಗೀತಕ್ಕೆ ಒಗ್ಗಿಸಿಕೊಂಡರು. ಇಂದು ಪಿಟೀಲಿಲ್ಲದ ಕಚೇರಿಯನ್ನು ವಕೀಲರೇ ಕಚೇರಿಯೆನ್ನಲಾರರು. ವಿದೇಶೀಯತ್ವವೆಂಬ ಹೇತು ಪಿಟೀಲಿನಲ್ಲಿಯೂ ಇದೆ, ದೋಷವೆಂಬ ಸಾಧ್ಯ ಮಾತ್ರ ಅಲ್ಲಿಲ್ಲ. ತರ್ಕಸಂಗ್ರಹವನ್ನು ಓದುವ ಬಾಲಕನು ಕೂಡ ಇಂಥದನ್ನು ಸವ್ಯಭಿಚಾರವೆಂದು ಕರೆದು ಮುಂದಕ್ಕೆ ಹೋಗುತ್ತಾನೆ.

ಹಾರ್ಮೋನಿಯಮ್ಮಿನ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. ಪ್ಯಾರಿಸ್ಸಿನಲ್ಲಿ 1842ರಲ್ಲಿ ಪೇಟೆಂಟ್ ಪಡೆದ ಆ ಪೆಟ್ಟಿಗೆಯನ್ನು ಆಕಾಶವಾಣಿಯವರು 1940ರಲ್ಲಿ ಬಹಿಷ್ಕರಿಸಿದರು. 1971ರ ವರೆಗೂ ಆ ಬಹಿಷ್ಕಾರ ಜಾರಿಯಲ್ಲಿತ್ತು. ಅದೇ ಕಾಲದಲ್ಲಿ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘದವರು ಊರೂರಿಗೆ ಡೇರೆ ಹೊಡೆದುಕೊಂಡು ಹೋಗುತ್ತಿದ್ದರು, ಕಾಲುಪೆಟ್ಟಿಗೆಯ ಶ್ರುತಿ ಹತ್ತದೆ ಅವರ ನಾಟಕದ ಪರದೆ ಏಳುತ್ತಿರಲಿಲ್ಲ. 1884ರಲ್ಲಿ ಹುಟ್ಟಿದ ಆ ಕಂಪನಿಯ ಕೀರ್ತಿಯಿಂದಲೇ ಗುಬ್ಬಿಯ ಹೆಸರು ಕನ್ನಡ ನಾಡಿನ ಆಚೆಗೂ ತಿಳಿದದ್ದು. ಕಂಪನಿ ನಾಟಕದವರು ಪಾರ್ಸಿ ರಂಗಭೂಮಿಯಿಂದ ಮಟ್ಟು ತಂದರು, ಮರಾಠಿ ನಾಟಕದಿಂದ ತಂದರು, ಹಿಂದೂಸ್ಥಾನಿಯಿಂದ ತಂದರು, ತಂದದ್ದನ್ನು ಬಚ್ಚಿಡಲಿಲ್ಲ. ಗುಬ್ಬಿ ವೀರಣ್ಣನವರು ‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ ಜನರನ್ನು ನಗಿಸಿದಾಗ, ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ಕರೆತಂದಾಗ, ಇದು ಭರತಮುನಿಗೆ ಸಮ್ಮತವೇ ಎಂದು ಗೊಣಗಿದ ಪಂಡಿತರೂ ಇದ್ದಿರಬೇಕು, ಟಿಕೇಟು ಕೊಂಡು ಮೊದಲ ಸಾಲಿನಲ್ಲಿ ಕೂತವರೂ ಅವರೇ ಇರಬಹುದು. ಗುಬ್ಬಿಯವರು ಈ ವಿಷಯವನ್ನೆತ್ತಿ, “ವಕೀಲರೆ, ನಮ್ಮ ಕಂಪನಿಯ ಪದಗಳನ್ನು ಇಂದಿಗೂ ನೀವು ಸ್ನಾನಕ್ಕೆ ಹೋಗುವಾಗ ಹಾಡಿಕೊಳ್ಳುತ್ತೀರಿ, ಅದರ ಮಟ್ಟು ಯಾವ ಅಗ್ರಹಾರದ್ದು?” ಎಂದು ಕೇಳಿದ್ದಕ್ಕೆ ಸಮರ್ಪಕವಾದ ಉತ್ತರ ಬರಲಿಲ್ಲ.

ಶರೀಫರ ವಿಷಯದಲ್ಲಂತೂ ಈ ಮಡಿ ಕೇವಲ ಹಾಸ್ಯಾಸ್ಪದ. ಮುಸಲ್ಮಾನ ಮನೆತನದಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣರನ್ನು ಗುರುವಾಗಿ ವರಿಸಿದವರು ಅವರು. ತಮ್ಮ ಕಾಲಕ್ಕೆ ಹೊಸದಾಗಿ ಬಂದ ಗಿರಣಿಯನ್ನು ಕಂಡು ಅದರ ಮೇಲೆಯೇ ಪದ ಕಟ್ಟಿದರು. ಗುಡುಗುಡಿಯಾದರೂ ಯಾವ ವೇದೋಕ್ತವಾದ ಉಪಕರಣ? ಹೊಗೆಸೊಪ್ಪು ಸಮುದ್ರದಾಚೆಯಿಂದ ಬಂದದ್ದು. ಸಂತೆಯ ಹುಕ್ಕವನ್ನು ಹಿಡಿದು ಒಳಗಿನ ರೋಗವನ್ನು ನೀಗುವ ಮಾತನ್ನಾಡಿದ ಆ ಸಂತರು ಗಿಟಾರನ್ನು ಕಂಡಿದ್ದರೆ ಅದರ ಮೇಲೆಯೂ ಒಂದು ಪದ ಹಾಡಿಬಿಡುತ್ತಿದ್ದರೇ ಹೊರತು ಪಂಚಗವ್ಯಕ್ಕಾಗಿ ಕೈಯೊಡ್ಡುತ್ತಿರಲಿಲ್ಲ.

ಹಾಗೆಂದು ಹುಡುಗನ ಪಕ್ಷವೆಲ್ಲವೂ ಸಿದ್ಧಾಂತವೆಂದು ತಿಳಿಯಕೂಡದು. “ಇವರು ಹಾಡದಿದ್ದರೆ ಶರೀಫರ ಹೆಸರು ಯಾರಿಗೆ ಗೊತ್ತಿರುತ್ತಿತ್ತು?” ಎಂದು ಅವನು ಅಂದದ್ದು ಉದ್ಧಟತನ. ಗೊತ್ತಿರುತ್ತಿತ್ತು. ಧಾರವಾಡ ಹಾವೇರಿಗಳ ಹಳ್ಳಿಯವರು ಯಾವ ಕಂಪನಿಯ ಸಹಾಯವೂ ಇಲ್ಲದೆ ಶತಮಾನದಿಂದ ಆ ಪದಗಳನ್ನು ಹಾಡುತ್ತ ಬಂದಿದ್ದಾರೆ. ತನ್ನ ಕಿವಿಗೆ ಬಿದ್ದ ಹೊತ್ತೇ ಪದದ ಜನ್ಮಮುಹೂರ್ತವೆಂದು ಎಣಿಸುವುದರಲ್ಲಿ ಸೋದರಮಾವನೂ ಅಳಿಯನೂ ಒಂದೇ ಗೋತ್ರದವರು.

ಹಾಗಾದರೆ ಹಾಡನ್ನು ಯಾವ ಒರೆಗಲ್ಲಿನಲ್ಲಿ ತಿಕ್ಕಬೇಕು? ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಗಾಯಕರ ದೋಷಗಳನ್ನು ಇಪ್ಪತ್ತೈದಾಗಿ ಎಣಿಸಿದ್ದಾನೆ. ಹಲ್ಲು ಕಚ್ಚಿ ಹಾಡುವುದು, ಹೆದರಿ ಹಾಡುವುದು, ಕಾಗೆಯ ಕಂಠದಿಂದ ಹಾಡುವುದು, ಮೂಗಿನಿಂದ ಹಾಡುವುದು ಇವೆಲ್ಲ ಅಲ್ಲಿವೆ. ಪರದೇಶದ ವಾದ್ಯವನ್ನು ಇಟ್ಟುಕೊಂಡು ಹಾಡುವುದು ಆ ಪಟ್ಟಿಯಲ್ಲಿಲ್ಲ. ‘ಅವ್ಯಕ್ತ’ವೆಂಬುದೊಂದು ಉಂಟು, ಅಕ್ಷರ ಸ್ಪಷ್ಟವಾಗಿ ಕೇಳಿಸದಂತೆ ಹಾಡುವುದೇ ಅದು. ತತ್ತ್ವಪದಕ್ಕೆ ಈ ದೋಷವೊಂದೇ ಮಾರಕ. ಏಕೆಂದರೆ ಅಲ್ಲಿ ಸ್ವರವು ಮಾತಿಗೆ ವಾಹನ. ಗುಬ್ಬಿಯವರು ಡೋಲಿನ ವಿಷಯದಲ್ಲಿ ಹೇಳಿದ ಆಕ್ಷೇಪ ಈ ಕಾರಣದಿಂದ ನಿಲ್ಲುತ್ತದೆ: ತಾಳವಾದ್ಯದ ರಭಸ ಏರಿದಲ್ಲಿ ಒಂದೆರಡು ಕಡೆ ಪದ ಮುಳುಗುತ್ತದೆ. ಉಳಿದೆಡೆಗಳಲ್ಲಿ, ಮೈಸೂರಿನಲ್ಲಿ ಬೆಳೆದು ಭರತನಾಟ್ಯವನ್ನೂ ಕಲಿತ ಈ ಗಾಯಕರ ಉಚ್ಚಾರಣೆ ಗಟ್ಟಿಯಾಗಿದೆ, ಕಂಠದಲ್ಲಿ ಜೀವವಿದೆ. ಎರಡನೆಯ ಸಲ ಕೇಳಿದಾಗ ಕುಣಿಗಲ್ಲಿನವರಿಗೆ ಸಾಹಿತ್ಯವೆಲ್ಲ ತಿಳಿಯಿತು.

ಅಂದೇ ಹುಡುಗನು ಇನ್ನೊಂದನ್ನೂ ಕೇಳಿಸಿದನು. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಟ್ರಿಪ್ ಹಾಪ್ ಎಂಬ ಬಗೆಯೊಂದು ಬೆಳೆಯಿತಂತೆ. ಅದರಲ್ಲಿ ಹೆಸರಾದದ್ದು ಪೋರ್ಟಿಸ್‌ಹೆಡ್ ಎಂಬ ತಂಡದವರ ‘ಡಮ್ಮಿ’, 1994ರದು. ಹಳೆಯ ಧ್ವನಿಮುದ್ರಿಕೆಗಳ ತುಣುಕುಗಳನ್ನು ಕತ್ತರಿಸಿ, ನಿಧಾನಗತಿಯ ತಾಳಕ್ಕೆ ಹೆಣೆದು, ಮೇಲೆ ಒಂದು ಹೆಣ್ಣಿನ ಶೋಕಸ್ವರವನ್ನು ಹಾಯಿಸಿದ ರಚನೆ. ವಕೀಲರು ಅದನ್ನು ಕೆಟ್ಟುಹೋದ ಗ್ರಾಮೊಫೋನೆಂದರು. ಗುಬ್ಬಿಯವರಿಗೆ ನಿದ್ರೆ ಬಂತು. ಕುಣಿಗಲ್ಲಿನವರು ಮಾತ್ರ ಬಹಳ ಹೊತ್ತಿನ ಮೇಲೆ, “ಯಾರೋ ಒಬ್ಬಾಕೆ ರಾತ್ರಿ ರಾಗಿ ಬೀಸುತ್ತ ಹಾಡಿಕೊಂಡಂತಿದೆ” ಎಂದರು. ಭಾಷೆ ತಿಳಿಯದ ಹಾಡಿನಲ್ಲಿ ಬೀಸುವ ಕಲ್ಲನ್ನು ಕೇಳಿಸಿಕೊಂಡ ಆ ಕಿವಿಗೆ ಸಹೃದಯತ್ವದ ಯೋಗ್ಯತಾಪತ್ರ ಬೇರೆ ಬೇಕಿಲ್ಲ.

ಆ ಮಾತಿನಿಂದ ಅವರಿಗೆ ತಮ್ಮ ತಾಯಿಯವರ ನೆನಪಾಯಿತು. ‘ಮೂಡಲ ಕುಣಿಗಲ್ ಕೆರೆ’ಯ ಪದವನ್ನು ಇಂದು ಸಭೆಗಳಲ್ಲಿ ಎಲ್ಲರೂ ಹಾಡುತ್ತಾರೆ. ಆ ತಾಯಿ ಹಾಡುತ್ತಿದ್ದದ್ದು ಅದಕ್ಕಿಂತ ಬಹು ಉದ್ದವಾದದ್ದು, ಧಾಟಿಯೂ ಬೇರೆ. “ಬರೆದಿಟ್ಟಿದ್ದೀರಾ?” ಎಂದು ಹುಡುಗನು ಕೇಳಿದನು. ಇಲ್ಲ. ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಅದರಲ್ಲಿ ಕ್ಯಾಸೆಟ್ಟು ಹಾಕಿ ಭಾವಗೀತೆ ಕೇಳುತ್ತಿದ್ದರು. ಒಳಗೆ ಹಾಡುತ್ತಿದ್ದ ತಾಯಿಯ ಮುಂದೆ ಅದನ್ನು ಒಯ್ದಿಡಬೇಕೆಂದು ಯಾರಿಗೂ ತೋಚಲಿಲ್ಲ. ತಾಯಿ ತೀರಿಕೊಂಡು ಬಹಳ ವರ್ಷಗಳಾದುವು.

ಪರಂಪರೆ ಕೆಟ್ಟಿತೆಂದು ಕೂಗುವ ಮಹಾಶಯರು ಇದಕ್ಕೆ ಉತ್ತರ ಹೇಳಲಿ. ಗಿಟಾರು ಹಿಡಿದವನು ಒಂದು ಪದವನ್ನು ಬದಲಾಯಿಸಿ ಹಾಡಿದರೆ ಮೂಲ ಅಳಿಯುವುದಿಲ್ಲ. ಬಲ್ಲವರು ಮತ್ತೆ ಹಾಡಿ ತೋರಿಸಬಹುದು. ಕೇಳುವವರಿಲ್ಲದೆ ಅಡುಗೆಮನೆಯಲ್ಲಿ ಮುಗಿದುಹೋದ ಪದವನ್ನು ಹಾಡಿ ತೋರಿಸುವವರು ಯಾರು? ಅದನ್ನು ಕೊಂದದ್ದು ಡೋಲಲ್ಲ, ಬೆಂಗಳೂರಿನ ಹುಡುಗರೂ ಅಲ್ಲ. ಶುದ್ಧ ಸಂಗೀತದ ಮೇಲೆ ಜಗಲಿಯಲ್ಲಿ ಕೂತು ಭಾಷಣ ಮಾಡಿದ, ಒಳಗಿನ ದನಿಗೆ ಕಿವಿಗೊಡದ ಗಂಡಸರು.

ವಕೀಲರು ಕೊನೆಗೆ, ಗುಡುಗುಡಿಯ ಪದವನ್ನು ರಾಜ್ಯೋತ್ಸವದಲ್ಲಿ ಹಾಡಬಹುದು, ಡೋಲು ಮಾತ್ರ ಕೂಡದು ಎಂದು ಅಪ್ಪಣೆ ಕೊಟ್ಟಿದ್ದಾರೆ. ಕುಣಿಗಲ್ಲಿನವರ ಚಿಕ್ಕಮ್ಮ ಒಬ್ಬರು ಕೆರೆಯ ಆಚೆಯ ಹಳ್ಳಿಯಲ್ಲಿದ್ದಾರೆ. ವಯಸ್ಸು ಎಂಬತ್ತು ದಾಟಿದೆ, ಅಕ್ಕನೊಡನೆ ಹಾಡುತ್ತಿದ್ದವರು. ಬರುವ ಭಾನುವಾರ ಹುಡುಗನು ಫೋನನ್ನು ಹಿಡಿದುಕೊಂಡು ಅಲ್ಲಿಗೆ ಹೋಗುವನು. ಗುಬ್ಬಿಯವರೂ ಹೊರಟಿದ್ದಾರೆ. ವಕೀಲರು ಕಾರನ್ನು ಕೊಡಲು ಒಪ್ಪಿದ್ದಾರೆ; ಆಲ್ಬಮ್ಮಿನ ಉಳಿದ ಹಾಡುಗಳನ್ನು ಇನ್ನೂ ಕೇಳಿಲ್ಲ.