ಬರೆಯಲು ಒಲ್ಲದ ಮಗುವಿಗೆ ಯಾವ ಪುಸ್ತಕ?



ಹೋದ ತಿಂಗಳ ಆರಂಭದಲ್ಲಿ ವಿದ್ಯಾನಗರದ ನಮ್ಮ ಬೀದಿಯ ತಾಯಿಯೊಬ್ಬರು ಕೈತುಂಬ ಪುಸ್ತಕ ಹಿಡಿದುಕೊಂಡು ಮನೆಗೆ ಬಂದರು. ಎರಡು ಕಾಪಿ ರೈಟಿಂಗ್ ಪುಸ್ತಕ, ಒಂದು ಕಾಗುಣಿತದ ಪುಸ್ತಕ, ಬಣ್ಣದ ಚಿತ್ರಗಳಿರುವ ದುಬಾರಿ ಇಂಗ್ಲಿಷ್ ವರ್ಕ್‌ಬುಕ್ ಒಂದು. ಮೂರನೆಯ ತರಗತಿಯ ಮಗ ಕನ್ನಡದಲ್ಲಿ ಒಂದು ವಾಕ್ಯವನ್ನೂ ಸ್ವಂತವಾಗಿ ಬರೆಯುವುದಿಲ್ಲ. ಟ್ಯೂಷನ್‌ಗೆ ಕಳುಹಿಸುವ ಬದಲು ಮನೆಯಲ್ಲೇ ಕಲಿಸೋಣವೆಂದು ಆಕೆಯ ಯೋಚನೆ. “ಆಪಾ, ಇದರಲ್ಲಿ ಯಾವುದನ್ನು ಮಾಡಿಸಲಿ?” ಎಂದರು. ಹುಡುಗ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ.

ಪುಸ್ತಕಗಳನ್ನು ಬದಿಗಿಟ್ಟು ಅವನ ಶಾಲೆಯ ನೋಟ್‌ಬುಕ್ ತರಿಸಿ ನೋಡಿದೆ. ಬೋರ್ಡ್ ನೋಡಿ ಬರೆದದ್ದೆಲ್ಲ ಮುತ್ತು ಪೋಣಿಸಿದಂತಿದೆ! ಉಕ್ತಲೇಖನದ ಪುಟದಲ್ಲಿ ಮಾತ್ರ ಬರೀ ಕೆಂಪು ಗೆರೆ. ‘ಮಳೆ’ ಹೋಗಿ ‘ಮಲೆ’ಯಾಗಿದೆ, ‘ಹಣ್ಣು’ ‘ಹನ್ನು’ ಆಗಿದೆ, ‘ಒಂದು’ ‘ಓಂದು’ ಆಗಿದೆ. ಪ್ರಬಂಧದ ಪುಟ ಪೂರ್ತಿ ಖಾಲಿ.

ನೋಡಿ, ಈ ಹುಡುಗನ ಕೈಯಲ್ಲಿ ಯಾವ ದೋಷವೂ ಇಲ್ಲ. ಇವನಿಗೆ ಇನ್ನೂ ಎರಡು ಕಾಪಿ ಪುಸ್ತಕ ಮಾಡಿಸಿದರೆ ಅಕ್ಷರ ಇನ್ನಷ್ಟು ದುಂಡಗಾದೀತು, ಅಷ್ಟೇ. ಪುಸ್ತಕ ಕೊಳ್ಳುವ ಮುನ್ನ ಮಗುವಿನ ತೊಡಕು ಕೈಯಲ್ಲಿದೆಯೋ, ಕಿವಿಯಲ್ಲಿದೆಯೋ, ಹೇಳಲು ಮಾತೇ ಸಿಗದಿರುವುದರಲ್ಲಿದೆಯೋ ನೋಡಬೇಕು. ಪೆನ್ಸಿಲ್ ಹಿಡಿಯಲು ಕಷ್ಟಪಡುವ ಮಗುವಿಗೆ ಕಾಪಿ ಪುಸ್ತಕ ಬೇಡ ಎನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಸ್ಲೇಟು, ಬಳಪ, ಹಿಟ್ಟಿನ ತಟ್ಟೆಯ ಮೇಲೆ ಬೆರಳಲ್ಲಿ ಬರೆಸುವುದು ಒಳ್ಳೆಯದು.

ಕಿವಿಯ ವಿಷಯ ನಮ್ಮ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಉರ್ದುವಿನಲ್ಲಿ ಳ ಇಲ್ಲ, ಣ ಇಲ್ಲ, ಕನ್ನಡದ ಹಾಗೆ ಎ-ಏ, ಒ-ಓ ಬೇರೆ ಬೇರೆ ಅಕ್ಷರಗಳಾಗಿಯೂ ಇಲ್ಲ. ಮನೆಯಲ್ಲಿ ಉರ್ದು ಆಡುವ ಮಗು ಕೇಳಿದಂತೆ ಬರೆಯುತ್ತದೆ, ಅದಕ್ಕೆ ಕೇಳಿಸಿದ್ದೇ ಹಾಗೆ. ಅದು ಅಜಾಗರೂಕತೆಯಲ್ಲ, ದಡ್ಡತನವಂತೂ ಅಲ್ಲವೇ ಅಲ್ಲ. ಇದಕ್ಕೆ ಔಷಧ ಅಂಗಡಿಯ ಪುಸ್ತಕದಲ್ಲಿಲ್ಲ, ಅಡುಗೆಮನೆಯ ಆಟದಲ್ಲಿದೆ. ಬಳೆ-ಬಲೆ, ಹಳ್ಳಿ-ಹಲ್ಲಿ, ಕೊಡು-ಕೋಡು, ಕೆರೆ-ಕೇರೆ. ನೀವು ಒಂದು ಹೇಳಿ, ಮಗು ಅದರ ಚಿತ್ರ ತೋರಿಸಲಿ. ಕೆರೆ ತೋರಿಸುವ ಬದಲು ಕೇರೆ ಹಾವು ತೋರಿಸಿದರೆ ನಗು ಬರುತ್ತದೆ, ವ್ಯತ್ಯಾಸ ಮರೆಯುವುದಿಲ್ಲ. ಮಲೆನಾಡಿನ ಮಗುವಿಗೆ ಮಲೆಯೂ ಬೇಕು, ಮಳೆಯೂ ಬೇಕಲ್ಲವೇ? ಹಾಗೆಯೇ ಖಾನಾ, ಘರ್, ಭಾಯಿ ಎನ್ನುತ್ತ ಬೆಳೆದ ಮಗುವಿಗೆ ಮಹಾಪ್ರಾಣಗಳು ಆಗಲೇ ಪರಿಚಿತ. ಅದನ್ನು ಹೊಗಳಿ ಹೇಳಿ.

ಅಕ್ಷರವೇ ಗಟ್ಟಿಯಾಗಿಲ್ಲದ ಮಗುವಾದರೆ ‘ಅ ಆ ಇ ಈ’ಯಿಂದಲೇ ಶುರು ಮಾಡಬೇಕೆಂದಿಲ್ಲ. ನಮ್ಮ ಸರಕಾರಿ ಶಾಲೆಗಳ ನಲಿ-ಕಲಿ ನಿಮಗೆ ಗೊತ್ತಿರಬಹುದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009-10ರಲ್ಲಿ ರಾಜ್ಯದ ಸರಕಾರಿ ಶಾಲೆಗಳಿಗೆ ಹಬ್ಬಿತು. ಅಲ್ಲಿ ಮೊದಲ ಅಕ್ಷರಗಳು ರ, ಗ, ಸ, ದ, ಅ. ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಬರೆಯಬಹುದು. ಐವತ್ತು ಅಕ್ಷರ ಮುಗಿಯುವವರೆಗೆ ಕಾಯದೆ ಮೊದಲ ವಾರವೇ ಪದ ಬರೆದ ಮಗುವಿನ ಮುಖ ನೋಡಬೇಕು.

ಇನ್ನು ಆ ಇಂಗ್ಲಿಷ್ ವರ್ಕ್‌ಬುಕ್. ‘ನೀನು ಹಿಮದ ಗೊಂಬೆ ಮಾಡಿದ ದಿನದ ಬಗ್ಗೆ ಬರೆ’ ಎಂದಿತ್ತು. ಶಿವಮೊಗ್ಗದ ಹುಡುಗ ಹಿಮವನ್ನು ಎಲ್ಲಿಂದ ತರಬೇಕು? ಪುಟ ಖಾಲಿ ಉಳಿದರೆ ಮಗುವಿನ ತಪ್ಪೇ? ನ್ಯೂಜಿಲೆಂಡಿನಲ್ಲಿ ಮಾವೊರಿ ಮಕ್ಕಳಿಗೆ ಕಲಿಸಿದ ಸಿಲ್ವಿಯಾ ಆಷ್ಟನ್-ವಾರ್ನರ್ ಎಂಬ ಶಿಕ್ಷಕಿ ಈ ಬಗೆಯ ಪುಸ್ತಕಗಳನ್ನು ನೆಚ್ಚಿಕೊಳ್ಳಲಿಲ್ಲ. ಮಗು ತಾನೇ ಕೇಳಿದ ಪದವನ್ನು ಕಾರ್ಡಿನ ಮೇಲೆ ಬರೆದು ಅದರ ಕೈಗೇ ಕೊಡುತ್ತಿದ್ದರು. ಅವರು ಇದನ್ನೆಲ್ಲ 1963ರಲ್ಲಿ ‘ಟೀಚರ್’ ಎಂಬ ಪುಸ್ತಕದಲ್ಲಿ ಬರೆದಿದ್ದಾರೆ.

ನಾನು ಹುಡುಗನನ್ನು ಹತ್ತಿರ ಕರೆದು, “ರಜೆಯಲ್ಲಿ ಎಲ್ಲಿಗೆ ಹೋಗಿದ್ದೆ?” ಎಂದು ಕೇಳಿದೆ. ಭದ್ರಾವತಿಯ ನಾನಾ ಮನೆಗೆ. ಅರ್ಧ ಉರ್ದು, ಅರ್ಧ ಕನ್ನಡದಲ್ಲಿ ಮಾತು ಹರಿಯಿತು. ನಾನು ಬರೆದುಕೊಂಡೆ: ‘ನಾನಾ ಮನೆಯಲ್ಲಿ ಪಾರಿವಾಳ ಇದೆ. ಅದು ಹಳೆಯ ಬಕೆಟ್‌ನಲ್ಲಿ ಮೊಟ್ಟೆ ಇಟ್ಟಿದೆ. ನಾನೀಮಾಗೆ ಬಕೆಟ್ ಬೇಕು. ನಾನಾ ಕೊಡುವುದಿಲ್ಲ.’ ಓದಿ ತೋರಿಸಿದಾಗ, “ಇದು ನನ್ನದಾ?” ಎಂದು ಕೇಳಿದ.

ಇದಕ್ಕೆ ಬೇಕಾದದ್ದು ಹತ್ತು ರೂಪಾಯಿಯ ನೋಟ್‌ಬುಕ್, ದಿನಕ್ಕೆ ಹದಿನೈದು ನಿಮಿಷ. ಮಗು ಹೇಳಲಿ, ನೀವು ಬರೆಯಿರಿ. ಮಗು ಅದನ್ನು ಓದಿ, ಅದರಲ್ಲಿ ಒಂದೇ ವಾಕ್ಯವನ್ನು ನೋಡಿ ಬರೆಯಲಿ. ಮರುದಿನ ಅದೇ ವಾಕ್ಯ ಉಕ್ತಲೇಖನ. ಧೈರ್ಯ ಬಂದ ಮೇಲೆ ಕೊನೆಗೊಂದು ವಾಕ್ಯವನ್ನು ತಾನೇ ಸೇರಿಸಲಿ, ತಪ್ಪಾದರೂ ಸರಿ. ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿ.

ಆ ತಾಯಿ ಸುಮ್ಮನೆ ಕುಳಿತಿದ್ದರು. ಆಮೇಲೆ ಸಣ್ಣ ದನಿಯಲ್ಲಿ, “ಆಪಾ, ನಾನು ಏಳನೆಯವರೆಗೆ ಉರ್ದು ಶಾಲೆಯಲ್ಲಿ ಓದಿದವಳು. ಮಳೆಗೆ ಯಾವ ‘ಳ’ ಎಂದು ನನಗೇ ಗೊತ್ತಾಗುವುದಿಲ್ಲ. ಅದಕ್ಕೇ ಪುಸ್ತಕ ತಂದೆ” ಎಂದರು. ನಮ್ಮಲ್ಲಿ ಎಷ್ಟು ತಾಯಂದಿರು ಇದೇ ನಾಚಿಕೆಯಿಂದ ಮಗುವಿನ ಪುಸ್ತಕ ಮುಟ್ಟುವುದಿಲ್ಲವೋ! ಸಂಶಯ ಬಂದಾಗ ಇಬ್ಬರೂ ಸೇರಿ ಮಗನ ಪಠ್ಯಪುಸ್ತಕದಲ್ಲಿ ಆ ಪದ ಹುಡುಕಿ ಎಂದೆ. ಅಮ್ಮನೂ ಹುಡುಕುತ್ತಾಳೆ ಎಂದು ಮಗುವಿಗೆ ತಿಳಿಯುವುದೂ ಒಂದು ಪಾಠವೇ.

ಒಂದು ಎಚ್ಚರಿಕೆ. ಹೀಗೆ ಹಲವು ತಿಂಗಳು ಕಲಿಸಿದರೂ ಎಂಟೊಂಬತ್ತು ವರ್ಷದ ಮಗು ಬಲ್ಲ ಅಕ್ಷರಗಳನ್ನೇ ಮರೆಯುತ್ತಿದ್ದರೆ, ಓದುವುದಕ್ಕೂ ತಡವರಿಸಿದರೆ, ಹೊಡೆಯಬೇಡಿ, ಪರೀಕ್ಷೆ ಮಾಡಿಸಿ. ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಪಾಸಣೆಯಿದೆ, ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂತಹ ರಿಯಾಯಿತಿಗಳೂ ಇವೆ.

ಮೂರು ವಾರಗಳ ಬಳಿಕ ಹುಡುಗ ನೋಟ್‌ಬುಕ್ ತಂದು ತೋರಿಸಿದ. ‘ಏರಡು ಮರಿ ಬಂತು. ನಾನೀಮಾ ಹೊಸ ಬಕೆಟ್ ತಂದರು.’ ಅವನದೇ ವಾಕ್ಯಗಳು. ಕೆಳಗೆ ಪೆನ್ಸಿಲಿನಲ್ಲಿ ಅಮ್ಮನ ಕೈಬರಹದ ಪ್ರಶ್ನೆ: ‘ಮರಿಗಲ ಬಣ್ಣ ಯಾವುದು?’ ಆ ‘ಲ’ವನ್ನು ಹೊಡೆದು, ಮೇಲೆ ಯಾರೋ ದೊಡ್ಡದಾಗಿ ‘ಳ’ ಬರೆದಿದ್ದರು. “ಯಾರು ತಿದ್ದಿದ್ದು?” ಎಂದೆ. ಹುಡುಗ ಎದೆ ಮುಟ್ಟಿ ತೋರಿಸಿದ.