ಬ್ರಹ್ಮಪುತ್ರದ ಜಲಮಾರ್ಗ

ಬ್ರಹ್ಮಪುತ್ರವನ್ನು ನಮ್ಮ ಹಿರಿಯರು ನದಿಯೆನ್ನದೆ ನದವೆಂದರು. ಟಿಬೆಟ್ಟಿನಲ್ಲಿ ಸಾಂಗ್ಪೋ ಎಂಬ ಹೆಸರಿನಿಂದ ಪೂರ್ವಾಭಿಮುಖವಾಗಿ ಹರಿದು, ನಾಮ್ಚಾ ಬರ್ವಾ ಪರ್ವತವನ್ನು ಬಳಸಿ ಅಸ್ಸಾಮಿಗಿಳಿಯುವ ಈ ಮಹಾಪ್ರವಾಹದ ಮೇಲೆ, 19ನೆಯ ಶತಮಾನದಿಂದ ಅಲ್ಲಿಯ ಚಹವು ಹೊಗೆಹಡಗುಗಳನ್ನೇರಿ ಕಲಕತ್ತೆಯನ್ನು ಸೇರುತ್ತಿದ್ದಿತು. ಹಡಗುಗಳು ಆಂಗ್ಲ ಕಂಪೆನಿಗಳವು, ಲಾಭವೂ ಅವರದೇ. ಆದರೂ ದಾರಿಯು ಅಖಂಡವಾಗಿದ್ದಿತು. 1947ರ ವಿಭಜನೆಯಿಂದ ಅದರ ನಡುಭಾಗವು ಪರದೇಶವಾಯಿತು. 1950ರ ಭೂಕಂಪದಲ್ಲಿ ಗುಡ್ಡಗಳು ಕುಸಿದು, ದಿಬ್ರುಗಢದ ಬಳಿ ಹೂಳಿನಿಂದ ಪಾತ್ರವೇ ಮೇಲೆದ್ದಿತು. 1965ರ ಯುದ್ಧದಿಂದ ಸಂಚಾರವು ನಿಂತುಹೋಯಿತು. 1972ರಲ್ಲಿ ಬಾಂಗ್ಲಾದೇಶದೊಡನೆ ಒಪ್ಪಂದವಾಯಿತು. 1988ರಲ್ಲಿ ಸದಿಯಾದಿಂದ ಧುಬ್ರಿಯವರೆಗಿನ 891 ಕಿಲೋಮೀಟರುಗಳು ರಾಷ್ಟ್ರೀಯ ಜಲಮಾರ್ಗವೆಂದು ಘೋಷಿತವಾದವು. ಘೋಷಣೆಗೆ ಹೂಳು ಕರಗುವುದಿಲ್ಲವಷ್ಟೆ! ಚಳಿಗಾಲದಲ್ಲಿ ನೀರಿಳಿದೊಡನೆ ಮರಳದಿಣ್ಣೆಗಳು ದಾರಿಗಡ್ಡವಾಗುತ್ತವೆ. ರೈಲುಹಾದಿಗೆ ವೆಚ್ಚಮಾಡುವಷ್ಟೇ ಧಾರಾಳವಾಗಿ ಪ್ರತಿವರ್ಷವೂ ಹೂಳೆತ್ತುವುದಕ್ಕೆ ಸರ್ಕಾರದವರು ಹಣವನ್ನೊದಗಿಸತಕ್ಕದ್ದೆಂದು ನಮ್ಮ ಅಭಿಪ್ರಾಯ.